ದುಡಿಯುವವರ ಮೇಲೆ ಎಳೆದ ಗೆರೆ

1831ರ ಮಾರ್ಚ್ ತಿಂಗಳು. ತುಂಗಭದ್ರೆಯ ದಂಡೆಯ ಹೊನ್ನಾಳಿ ಕೋಟೆ ದಂಗೆಯೆದ್ದವರ ಕೈಯಲ್ಲಿತ್ತು. ಅವರಲ್ಲಿ ಹೆಚ್ಚಿನವರು ಹೊಲದಿಂದ ಎದ್ದು ಬಂದವರು. ಮೈಸೂರು ಮಹಾರಾಜರ ಪಡೆ ಇಂಗ್ಲಿಷರ ನೆರವಿನೊಂದಿಗೆ ಬಂದು ಕೋಟೆಯನ್ನು ಮುತ್ತಿ ವಶಪಡಿಸಿಕೊಂಡಿತು. ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಲಾಯಿತು. ಹೊನ್ನಾಳಿ ಸೀಮೆ ಅದಕ್ಕೆ ಮೊದಲೂ ಯುದ್ಧಗಳನ್ನು ಕಂಡಿತ್ತು. ಆದರೆ ಈ ಸಲ ಜನ ಪ್ರಾಣ ಪಣಕ್ಕಿಟ್ಟದ್ದು ಮುಖ್ಯವಾಗಿ ಒಂದು ಪ್ರಶ್ನೆಗಾಗಿ: ದುಡಿದು ತಿನ್ನುವವನಿಂದ ಸರ್ಕಾರ ಎಷ್ಟು ಕೇಳಬಹುದು, ಎಲ್ಲಿಗೆ ನಿಲ್ಲಿಸಬೇಕು?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರಲ್ಲಿ, ಈ ಜಿಲ್ಲೆ ಹುಟ್ಟಿತು. ಅದಕ್ಕೆ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಇತ್ತೀಚೆಗೆ. ಭದ್ರಾ ನಾಲೆಯ ನೀರುಂಡ ಅಡಿಕೆ ತೋಟಗಳ ಚನ್ನಗಿರಿಗೂ ಮಳೆ ನಂಬಿ ಬದುಕುವ ಜಗಳೂರಿಗೂ ನೆಲದಲ್ಲಿ ಬಹಳ ಅಂತರವಿದೆ. ಎರಡೂ ಕಡೆ ಹೆಚ್ಚಿನ ಜನ ಬದುಕುವುದು ಮಾತ್ರ ದಿನಗೂಲಿ, ಗುತ್ತಿಗೆ ಕೆಲಸ, ಸಣ್ಣ ಸಂಬಳಗಳ ಮೇಲೆ. ತೆರಿಗೆಯ ಗೆರೆ ಎಲ್ಲಿ ಬೀಳುತ್ತದೆ ಎಂಬುದು ಇಂಥವರ ಪಾಲಿಗೆ ಯಾವ ಕಾಲದಲ್ಲೂ ಊಟದ ಮಾತಾಗಿತ್ತು. ಶತಮಾನಗಳ ಆ ಕಥೆಯನ್ನು ಮೊದಲಿನಿಂದ ನೋಡಿದರೆ ಇಂದಿನ ತೊಡಕಿನ ಬೇರು ಕಾಣಿಸುತ್ತದೆ.

ಗೆರೆಯೇ ಇಲ್ಲದ ಕಾಲ

ಹಳೆಯ ಕರ್ನಾಟಕದಲ್ಲಿ ಭೂಕಂದಾಯ ಬಿಟ್ಟರೆ ತೆರಿಗೆ ಬೀಳುತ್ತಿದ್ದುದು ಆದಾಯದ ಮೇಲಲ್ಲ, ಹೆಚ್ಚಾಗಿ ಕಸುಬಿನ ಮೇಲೆ. ನೇಯುವವನಿಗೆ ಮಗ್ಗದೆರೆ, ಎಣ್ಣೆ ತೆಗೆಯುವವನಿಗೆ ಗಾಣದೆರೆ, ಮದುವೆ ಮಾಡಿದರೆ ಮದುವೆಯ ಸುಂಕ. ಶಾಸನಗಳ ತುಂಬ ಇಂಥ ಹೆಸರುಗಳಿವೆ. ಮಗ್ಗದಿಂದ ಎಷ್ಟು ಹುಟ್ಟಿತು ಎಂದು ಯಾರೂ ಕೇಳುತ್ತಿರಲಿಲ್ಲ. ಮಗ್ಗ ಇದೆಯೇ? ಹಾಗಾದರೆ ತೆರಿಗೆ ಇದೆ. ಕಸುಬುದಾರರು ಇದರಿಂದ ಪಾರಾಗಲು ಇದ್ದ ದಾರಿಯೆಂದರೆ ಅರಸನ ಕೃಪೆ. ಹದಿನಾರನೆಯ ಶತಮಾನದಲ್ಲಿ ಬಾದಾಮಿಯ ಕೊಂಡೋಜ ಎಂಬ ಕ್ಷೌರಿಕ ವಿಜಯನಗರದ ಅಳಿಯ ರಾಮರಾಯನ ಮನಸ್ಸು ಗೆದ್ದು ತನ್ನ ಕಸುಬಿನವರ ಮೇಲಿನ ತೆರಿಗೆಯನ್ನೇ ಬಿಡಿಸಿದ. ಕನ್ನಡ ನಾಡಿನ ಹಲವು ಕಡೆ ಈ ಮಾತು ಕಲ್ಲಿನ ಮೇಲೆ ಉಳಿದಿದೆ. ಕಡಿಮೆ ಗಳಿಸುವವರನ್ನು ತೆರಿಗೆಯಿಂದ ಹೊರಗಿಡಬೇಕು ಎಂಬ ಬೇಡಿಕೆ ನಮ್ಮಲ್ಲಿ ಎಷ್ಟು ಹಳೆಯದು ಎಂಬುದಕ್ಕೆ ಆ ಶಾಸನಗಳೇ ಸಾಕ್ಷಿ.

ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಭೂಮಿಯ ಹುಟ್ಟುವಳಿಯನ್ನು ಅಳೆದು ಕಂದಾಯ ನಿಗದಿ ಮಾಡಿದ. ಶಿವಪ್ಪ ನಾಯಕನ ಶಿಸ್ತು ಎಂದು ಜನ ಇಂದಿಗೂ ನೆನೆಯುವುದು ಅದನ್ನೇ. ಆ ಶಿಸ್ತಿನ ಬೆಲೆ ಇದ್ದುದು ಅದರ ಖಚಿತತೆಯಲ್ಲಿ. ಎಷ್ಟು ಕೊಡಬೇಕು ಎಂಬುದು ಬಿತ್ತುವ ಮೊದಲೇ ರೈತನಿಗೆ ಗೊತ್ತಿರುತ್ತಿತ್ತು.

ಮುಂದೆ ಆ ಖಚಿತತೆ ಕುಸಿಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಖಜಾನೆ ಬರಿದಾಗುತ್ತ ಬಂದಂತೆ ಷರತ್ತಿನ ಪದ್ಧತಿ ಬಲವಾಯಿತು. ತಾಲ್ಲೂಕಿನಿಂದ ಇಂತಿಷ್ಟು ಹಣ ತಂದುಕೊಡುತ್ತೇನೆಂದು ಅಮಲ್ದಾರ ಮುಚ್ಚಳಿಕೆ ಬರೆದುಕೊಡಬೇಕು, ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಕೈಯಿಂದ ತುಂಬುವ ಅಮಲ್ದಾರರು ಎಷ್ಟು ಜನ ಇದ್ದಾರು? ಕೊರತೆ ರೈತನ, ಕಸುಬುದಾರನ ಮೇಲೆ ಪಟ್ಟಿಯ (ಹೆಚ್ಚುವರಿ ವಸೂಲಿಯ) ಮೇಲೆ ಪಟ್ಟಿಯಾಗಿ ಇಳಿಯಿತು. ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಆ ಕಾಲದ ಕೆಲವು ತೆರಿಗೆಗಳನ್ನು ದಾಖಲಿಸಿದ್ದಾರೆ. ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೆ ತೆರಿಗೆ. ಪಾಳೆಯಗಾರನ ಕಳೆದುಹೋದ ಕುದುರೆಯನ್ನು ಪೂರ್ವಿಕರು ಹುಡುಕಿಕೊಡಲಿಲ್ಲವೆಂದು ಒಂದು ಹಳ್ಳಿಯವರು ತಲೆಮಾರುಗಳ ನಂತರವೂ ತೆರುತ್ತಿದ್ದರು. ಕೆಳದಿ ಅರಸರ ಹಳೆಯ ರಾಜಧಾನಿಯಾದ ನಗರದ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿಕೊಳ್ಳದೆ ನಡೆದರೂ ದುಡ್ಡು ಕೊಡಬೇಕಿತ್ತು.

1830ರಲ್ಲಿ ನಗರ ಫೌಜ್ದಾರಿಯ (ಆಡಳಿತ ವಿಭಾಗದ) ರೈತರು ಕೂಟ ಸೇರತೊಡಗಿದರು. ಮೊದಲಿಗೆ ಅವರು ಬಯಸಿದ್ದು ಅಹವಾಲು ಕೇಳುವ ಕಿವಿ. ಬಾಕಿ ಮನ್ನಾ ಮಾಡಿ, ಹೊಸ ಪಟ್ಟಿಗಳನ್ನು ಬಿಡಿ ಎಂಬುದು ಬೇಡಿಕೆ. ಅದಕ್ಕೆ ಕಿವಿಗೊಡದಾಗ ಸಿಟ್ಟು ದಂಗೆಯಾಯಿತು. ನಗರದ ಗಾದಿಗೆ ತಾನೇ ಹಕ್ಕುದಾರ ಎಂದು ಬೂದಿ ಬಸವಪ್ಪ ಎದ್ದುನಿಂತ. ತರೀಕೆರೆಯ ಪಾಳೆಯಗಾರ ಮನೆತನವೂ ಕೈಜೋಡಿಸಿತು. ಪಾಳೆಯಗಾರರಿಗೆ ಬೇಕಿದ್ದುದು ಗಾದಿ. ಅವರ ಹಿಂದೆ ಬಂದ ಜನಕ್ಕೆ ಬೇಕಿದ್ದುದು ಕಂದಾಯಕ್ಕೆ ಒಂದು ಮಿತಿ. ಹೊನ್ನಾಳಿಯ ಕೋಟೆ ಬಿತ್ತು, ಅದೇ ವರ್ಷ ನಗರವೂ ಇಂಗ್ಲಿಷ್ ಪಡೆಗಳ ವಶವಾಯಿತು. ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮಹಾರಾಜರಿಂದ ಆಡಳಿತವನ್ನೇ ಕಸಿದುಕೊಂಡ. ಮೈಸೂರು ಐವತ್ತು ವರ್ಷ, 1881ರವರೆಗೆ, ಕಮಿಷನರುಗಳ ಕೈಯಲ್ಲಿ ಉಳಿಯಿತು.

ದಂಗೆಯ ಕಾರಣ ಹುಡುಕಲು ಕಂಪನಿ ಸರ್ಕಾರ ಒಂದು ಸಮಿತಿ ನೇಮಿಸಿತು. ಅದರಲ್ಲಿದ್ದ ಮಾರ್ಕ್ ಕಬ್ಬನ್ 1834ರಲ್ಲಿ ಮೈಸೂರಿನ ಕಮಿಷನರ್ ಆದ. ತನ್ನ ಆಡಳಿತದ ಅವಧಿಯಲ್ಲಿ ಆತ ತೆಗೆದುಹಾಕಿದ ಚಿಲ್ಲರೆ ತೆರಿಗೆಗಳ ಲೆಕ್ಕವನ್ನು ರೈಸ್ ಕೊಟ್ಟಿದ್ದಾರೆ: 769. ಇಷ್ಟು ತೆರಿಗೆ ಹೋದರೂ ಆಡಳಿತ ನಿಲ್ಲಲಿಲ್ಲ. ಬಡವನ ಕೈಯಿಂದ ಚಿಲ್ಲರೆ ಚಿಲ್ಲರೆಯಾಗಿ ಕಿತ್ತ ಹಣ ಖಜಾನೆಗೆ ತರುವುದು ಅಲ್ಪ, ಮನೆಗಳಿಗೆ ತರುವ ಸಂಕಟ ಅಪಾರ. ಹೊನ್ನಾಳಿ ಸೀಮೆ ರಕ್ತ ಕೊಟ್ಟು ಕಲಿಸಿದ ಪಾಠ ಇದು.

ಗಡಿಯಾಚೆಯ 200 ರೂಪಾಯಿ

ಆದಾಯ ತೆರಿಗೆ ಎಂಬ ಹೊಸ ಪದ್ಧತಿ ಬಂದದ್ದು 1860ರಲ್ಲಿ. 1857ರ ಹೋರಾಟವನ್ನು ಅಡಗಿಸಿದ ಖರ್ಚಿನಿಂದ ಬ್ರಿಟಿಷ್ ಸರ್ಕಾರ ಸಾಲದಲ್ಲಿ ಮುಳುಗಿತ್ತು. ಲಂಡನ್ನಿನಿಂದ ಬಂದ ಜೇಮ್ಸ್ ವಿಲ್ಸನ್ ಫೆಬ್ರುವರಿಯಲ್ಲಿ ಬಜೆಟ್ ಮಂಡಿಸಿದ. ಜುಲೈ 24ಕ್ಕೆ ಕಾಯ್ದೆ ಬಂತು, ಆಗಸ್ಟ್‌ನಲ್ಲಿ ಆತ ಕಲ್ಕತ್ತೆಯಲ್ಲಿ ತೀರಿಕೊಂಡ. ಈ ತೆರಿಗೆಯನ್ನು ಬಹಿರಂಗವಾಗಿ ವಿರೋಧಿಸಿದ ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಹುದ್ದೆ ಕಳೆದುಕೊಂಡು ಊರಿಗೆ ಮರಳಬೇಕಾಯಿತು.

ಹೊನ್ನಾಳಿಯ ಗಡಿಯಾಚೆಗಿನ ರಾಣೆಬೆನ್ನೂರು ಆಗ ಬ್ರಿಟಿಷರ ಧಾರವಾಡ ಜಿಲ್ಲೆ. ಜಗಳೂರಿನ ಗಡಿ ದಾಟಿದರೆ ಬ್ರಿಟಿಷರ ಬಳ್ಳಾರಿ ಜಿಲ್ಲೆ. ಹೊಸ ಕಾಯ್ದೆ ಈ ಸೀಮೆಯ ಬಾಗಿಲಿಗೇ ಬಂದು ನಿಂತಿತ್ತು. ಅದರಲ್ಲಿ ಮೊದಲ ಬಾರಿಗೆ ಒಂದು ಗೆರೆ ಇತ್ತು. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಆದಾಯದವರಿಗೆ ತೆರಿಗೆ ಇಲ್ಲ. 200ರಿಂದ 500ರೊಳಗಿನವರಿಗೆ ನೂರಕ್ಕೆ 2, ಅದರ ಮೇಲಿನವರಿಗೆ ನೂರಕ್ಕೆ 4.

ತಿಂಗಳಿಗೆ ಲೆಕ್ಕ ಹಾಕಿದರೆ 200 ರೂಪಾಯಿಯ ಗೆರೆ 16 ರೂಪಾಯಿ 10 ಆಣೆ 8 ಪೈಗೆ ಬೀಳುತ್ತದೆ. ಕಾಲಾಳು ಸಿಪಾಯಿಗೆ ತಿಂಗಳಿಗೆ 7 ರೂಪಾಯಿ ಸಂಬಳವಿದ್ದ ಕಾಲ ಅದು. ಕೂಲಿಯವರು ಗೆರೆಯ ಹೊರಗೆ ಉಳಿದರು ನಿಜ. ಸಿಕ್ಕಿಕೊಂಡವರು ಗುಮಾಸ್ತರು, ಸಂತೆಯ ಸಣ್ಣ ವ್ಯಾಪಾರಿಗಳು, ನಾಲ್ಕು ಮಗ್ಗ ಇಟ್ಟುಕೊಂಡ ನೇಕಾರರು. ಲೆಕ್ಕ ಬರೆದಿಡುವ ರೂಢಿಯಿಲ್ಲದ ಇಂಥವರ ಆದಾಯವನ್ನು ಅಧಿಕಾರಿ ಅಂದಾಜಿನಲ್ಲಿ ಹೇಳುತ್ತಿದ್ದ. ಅಲ್ಲ ಎಂದು ಸಾಧಿಸುವ ಹೊರೆ ಅವರ ತಲೆಗೆ. ಎರಡೇ ವರ್ಷದಲ್ಲಿ ಸರ್ಕಾರಕ್ಕೇ ಇದರ ನಿರರ್ಥಕತೆ ಅರಿವಾಯಿತು. ತೆರುವವರಲ್ಲಿ ಹೆಚ್ಚಿನವರು ಈ ಕೆಳಗಿನ ವರ್ಗದವರೇ ಆಗಿದ್ದರೂ ಅವರಿಂದ ಬರುತ್ತಿದ್ದ ಹಣ ಕಡಿಮೆ. 1862ರಲ್ಲಿ ಗೆರೆಯನ್ನು 500 ರೂಪಾಯಿಗೆ ಏರಿಸಲಾಯಿತು.

ಅಲ್ಲಿಂದ ಮುಂದೆ ಗೆರೆ ಏಳುತ್ತ ಬೀಳುತ್ತ ನಡೆಯಿತು. 1865ರಲ್ಲಿ ತೆರಿಗೆಯೇ ನಿಂತಿತು, ಬೇರೆ ಬೇರೆ ಹೆಸರಿನಲ್ಲಿ ಮರಳಿ ಬಂತು. 1886ರ ಕಾಯ್ದೆ ಅದನ್ನು ಶಾಶ್ವತಗೊಳಿಸಿ 500 ರೂಪಾಯಿಯ ಮಿತಿ ಇಟ್ಟಿತು, ಕೃಷಿ ಆದಾಯವನ್ನು ಹೊರಗಿಟ್ಟಿತು. 1903ರಲ್ಲಿ ಮಿತಿ 1,000 ಆಯಿತು, 1919ರಲ್ಲಿ 2,000. ಆರ್ಥಿಕ ಕುಸಿತದ 1931ರಲ್ಲಿ ಮತ್ತೆ 1,000ಕ್ಕೆ ಇಳಿಯಿತು. ಗೆರೆ ಇಳಿದದ್ದು ಜನರ ಆದಾಯ ಹೆಚ್ಚಿತೆಂದಲ್ಲ, ಸರ್ಕಾರದ ಖಜಾನೆಗೆ ಕಷ್ಟ ಬಂದಿತೆಂದು. ಸಂಬಳ ಕಡಿತವಾಗುತ್ತಿದ್ದ ಕಾಲದಲ್ಲೇ ಸಣ್ಣ ಸಂಬಳದವರು ತೆರಿಗೆಯ ಒಳಗೆ ಬಂದರು. ಮೈಸೂರು ಸಂಸ್ಥಾನ 1923ರಲ್ಲಿ ತನ್ನದೇ ಆದಾಯ ತೆರಿಗೆ ಕಾಯ್ದೆ ಮಾಡಿಕೊಂಡಿತ್ತು. 1950ರ ಏಪ್ರಿಲ್‌ನಿಂದ ಭಾರತದ ಕಾಯ್ದೆಯೇ ಇಲ್ಲಿಗೂ ಬಂತು.

ಕೃಷಿ ಆದಾಯಕ್ಕೆ ಕೊಟ್ಟ ವಿನಾಯಿತಿಯ ಒಂದು ಪರಿಣಾಮ ಚನ್ನಗಿರಿಯಂಥ ಊರಿನಲ್ಲಿ ಎದ್ದು ಕಾಣುತ್ತದೆ. ತೋಟದ ಫಸಲಿನಿಂದ ಬಂದ ಆದಾಯ ಎಷ್ಟೇ ಇರಲಿ, ಅದು ಕೃಷಿ ಆದಾಯವೆಂಬ ಕಾರಣಕ್ಕೇ ಕೇಂದ್ರದ ತೆರಿಗೆಯಿಂದ ಮುಕ್ತ. ಅದೇ ಅಡಿಕೆಯನ್ನು ರಾತ್ರಿಯೆಲ್ಲ ಕೂತು ಸುಲಿಯುವ ಹೆಣ್ಣುಮಗಳ ಕೂಲಿಗೆ ಆ ರಕ್ಷಣೆ ಇಲ್ಲ. ನೆಲದಲ್ಲಿ ಹಕ್ಕಿಲ್ಲದವರ ಕೂಲಿ ಕಾಯ್ದೆಯ ಪ್ರಕಾರ ಕೃಷಿ ಆದಾಯವಲ್ಲ. ಅವಳನ್ನು ಕಾಯುತ್ತಿರುವುದು ಮಿತಿಯ ಗೆರೆಯೊಂದೇ. ಎರಡು ಎಕರೆಯ ಸಣ್ಣ ಬೆಳೆಗಾರನ ಬವಣೆಯೂ ಸಣ್ಣದಲ್ಲ, ಅವನ ವಿನಾಯಿತಿ ನ್ಯಾಯವಾದದ್ದೇ. ಆದರೆ ಏನೂ ಇಲ್ಲದವರಿಗೆ ಆ ಗೆರೆಯ ಆಸರೆ ಎಷ್ಟು ದೊಡ್ಡದು ಎಂಬುದು ಇದರಿಂದ ತಿಳಿಯುತ್ತದೆ.

ಹಿಂಬಾಗಿಲಿನಿಂದ ಬಂದ ತೆರಿಗೆ

ಸ್ವಾತಂತ್ರ್ಯದ ನಂತರ ಆದಾಯ ತೆರಿಗೆಯ ಗೆರೆ ಸಾಮಾನ್ಯ ದುಡಿಮೆಗಾರರ ತಲೆಯ ಮೇಲೆ ಬಹಳ ಎತ್ತರಕ್ಕೆ ಹೋಯಿತು. ಸಣ್ಣ ಸಂಬಳದವರನ್ನು ಮುಟ್ಟಿದ್ದು ಬೇರೊಂದು ತೆರಿಗೆ. ಸಂವಿಧಾನದ 276ನೆಯ ವಿಧಿ ವೃತ್ತಿ, ವ್ಯಾಪಾರ, ಉದ್ಯೋಗಗಳ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು, ಒಬ್ಬರಿಂದ ವರ್ಷಕ್ಕೆ 250 ರೂಪಾಯಿ ಮೀರಬಾರದೆಂದು ಮೇಲ್ಮಿತಿಯನ್ನೂ ಹಾಕಿತು. 1988ರ ತಿದ್ದುಪಡಿ ಅದನ್ನು 2,500ಕ್ಕೆ ಏರಿಸಿತು. ಕರ್ನಾಟಕದ ವೃತ್ತಿ ತೆರಿಗೆ ಕಾಯ್ದೆ 1976ರದು. ಮಗ್ಗದೆರೆ, ಗಾಣದೆರೆಗಳ ವಂಶದ ಕುಡಿ ಇದು.

ಮೇಲ್ಮಿತಿ ಸಂವಿಧಾನದಲ್ಲಿದೆ, ಕೆಳಗಿನ ಮಿತಿಯನ್ನು ರಾಜ್ಯ ಇಷ್ಟಬಂದಾಗ ಬದಲಿಸುತ್ತದೆ. ಕರ್ನಾಟಕದಲ್ಲಿ 2015ರವರೆಗೆ ತಿಂಗಳಿಗೆ 10,000 ರೂಪಾಯಿ ಸಂಬಳವಿದ್ದವರೂ 150 ರೂಪಾಯಿ ಕೊಡುತ್ತಿದ್ದರು. 2015ರ ಏಪ್ರಿಲ್‌ನಲ್ಲಿ ಗೆರೆ 15,000ಕ್ಕೆ ಬಂತು, ಅದರ ಮೇಲಿನ ಎಲ್ಲರಿಗೂ ತಿಂಗಳಿಗೆ 200. ಅಲ್ಲಿಂದ ಎಂಟು ವರ್ಷ ಅದು ಅಲುಗಲಿಲ್ಲ. 2023ರ ಫೆಬ್ರುವರಿಯಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಬಜೆಟ್‌ನಲ್ಲಿ 25,000ಕ್ಕೆ ಏರಿಸಿದಾಗ ಲಕ್ಷಾಂತರ ಮನೆಗಳಿಗೆ ಉಸಿರು ಬಂತು.

ಆ ಎಂಟು ವರ್ಷಗಳ ಲೆಕ್ಕ ನೋಡಬೇಕು. ಹೊನ್ನಾಳಿಯ ಖಾಸಗಿ ಆಸ್ಪತ್ರೆಯ ನರ್ಸೋ ಚನ್ನಗಿರಿಯ ಗೋದಾಮಿನ ಕಾವಲುಗಾರನೋ ತಿಂಗಳಿಗೆ 16,000 ರೂಪಾಯಿ ಪಡೆಯುತ್ತಿದ್ದರೆನ್ನಿ. ವರ್ಷಕ್ಕೆ 1,92,000. ಕೇಂದ್ರದ ಆದಾಯ ತೆರಿಗೆಯ ಮಿತಿ 2014ರಿಂದಲೇ 2,50,000. ದೆಹಲಿಯ ಲೆಕ್ಕದಲ್ಲಿ ಅವರು ತೆರಿಗೆ ಕೊಡಲಾಗದವರು. ಬೆಂಗಳೂರಿನ ಲೆಕ್ಕದಲ್ಲಿ ವರ್ಷಕ್ಕೆ 2,400 ರೂಪಾಯಿ ಕೊಡಬೇಕಾದವರು. ಅದು ನಾಲ್ಕೂವರೆ ದಿನದ ಸಂಬಳ. ತಿಂಗಳಿಗೆ 2 ಲಕ್ಷ ಸಂಬಳದವರು ಕೊಡುತ್ತಿದ್ದುದೂ ಅದೇ 2,400. ಕಾವಲುಗಾರನ ದುಡಿಮೆಯಲ್ಲಿ ನೂರಕ್ಕೆ ಒಂದೂಕಾಲು ರೂಪಾಯಿ ಹೋದರೆ ದೊಡ್ಡ ಸಂಬಳದವರಲ್ಲಿ ನೂರಕ್ಕೆ ಹತ್ತು ಪೈಸೆ.

ಈ ಅನ್ಯಾಯಕ್ಕೆ ಯಾವುದೋ ಒಬ್ಬ ಮಂತ್ರಿಯ ಮನಸ್ಸು ಕಾರಣವಲ್ಲ. ಮೇಲ್ಮಿತಿ 2,500ರಲ್ಲೇ ನಿಂತಿರುವಾಗ ಹೆಚ್ಚು ಹಣ ಬೇಕೆಂದರೆ ಹೆಚ್ಚು ಜನರಿಂದ ಪಡೆಯಬೇಕು, ಹಾಗಾಗಿ ಕೆಳಗಿನ ಮಿತಿಯನ್ನು ಏರಿಸಲು ಸರ್ಕಾರಗಳ ಕೈ ಹಿಂಜರಿಯುತ್ತದೆ. 2025ರ ಏಪ್ರಿಲ್‌ನಿಂದ ಕರ್ನಾಟಕ ಫೆಬ್ರುವರಿ ತಿಂಗಳ ವೃತ್ತಿ ತೆರಿಗೆಯನ್ನು 300 ರೂಪಾಯಿ ಮಾಡಿ ವರ್ಷದ ಮೊತ್ತವನ್ನು ಸರಿಯಾಗಿ 2,500ಕ್ಕೆ ತಂದಿತು.

ಗೆರೆ ತಿರುಗಿ ನಿಂತಿತು

ಕಳೆದ ಏಳೆಂಟು ವರ್ಷಗಳಲ್ಲಿ ಇನ್ನೊಂದು ಬದಲಾವಣೆ ನಡೆದಿದೆ. ತೆರಿಗೆಯ ಗೆರೆ ಯಾರಿಂದ ಪಡೆಯಬೇಕು ಎಂಬುದನ್ನು ಹೇಳುತ್ತಿತ್ತು. ಈಗ ಯಾರಿಗೆ ಕೊಡಬಾರದು ಎಂಬುದನ್ನೂ ಅದೇ ಹೇಳುತ್ತಿದೆ. 2019ರಲ್ಲಿ ಆರಂಭವಾದ ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿ, ಹಿಂದಿನ ವರ್ಷ ಆದಾಯ ತೆರಿಗೆ ಕಟ್ಟಿದವರಿಗೆ ಇಲ್ಲ. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ, ಯಜಮಾನಿಯಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟುತ್ತಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುತ್ತಿದ್ದರೆ ಸಿಗದು. ಬಿಪಿಎಲ್ ಕಾರ್ಡಿಗೂ ತೆರಿಗೆದಾರರು ಅನರ್ಹರು. ಉಳ್ಳವರು ಬಡವರ ಪಾಲು ತಿನ್ನಬಾರದು ಎಂಬ ಉದ್ದೇಶ ಸರಿಯಾದದ್ದೇ. ತೊಡಕು ಹುಟ್ಟುವುದು ತೆರಿಗೆ ಕಟ್ಟಿದವರನ್ನೂ ರಿಟರ್ನ್ಸ್ ಸಲ್ಲಿಸಿದವರನ್ನೂ ಒಂದೇ ಎಂದುಕೊಂಡಾಗ.

ನ್ಯಾಮತಿಯ ಒಬ್ಬ ಗಾರೆ ಮೇಸ್ತ್ರಿ ಒಂದು ಸಣ್ಣ ಕಟ್ಟಡದ ಗುತ್ತಿಗೆ ಹಿಡಿದನೆನ್ನಿ. ಒಂದು ಬಿಲ್ಲು 30,000 ರೂಪಾಯಿ ದಾಟಿದರೆ ಕೊಡುವ ಸಂಸ್ಥೆ ನೂರಕ್ಕೆ 1 ರೂಪಾಯಿ ಟಿಡಿಎಸ್ ಹಿಡಿಯುತ್ತದೆ. ಪ್ಯಾನ್ ಇಲ್ಲದಿದ್ದರೆ ನೂರಕ್ಕೆ 20. ಅವನ ವರ್ಷದ ಉಳಿಕೆ ತೆರಿಗೆಯ ಮಿತಿಗಿಂತ ಎಷ್ಟೋ ಕೆಳಗೆ. ಆದರೂ ಹಿಡಿದ ಹಣ ಮರಳಿ ಬೇಕೆಂದರೆ ರಿಟರ್ನ್ಸ್ ಹಾಕಲೇಬೇಕು. ಆಟೊ, ಗೂಡ್ಸ್ ಗಾಡಿ ಕೊಳ್ಳಲು ಸಾಲ ಕೇಳಿದರೆ ಬ್ಯಾಂಕಿನವರು ಕೇಳುವುದೂ ರಿಟರ್ನ್ಸನ್ನೇ. ಹೀಗೆ ಒಂದು ರೂಪಾಯಿ ತೆರಿಗೆಯೂ ಬಾಕಿಯಿಲ್ಲದ ಮನುಷ್ಯನ ಹೆಸರು ಕಂಪ್ಯೂಟರಿನಲ್ಲಿ ಸೇರುತ್ತದೆ.

2024ರ ನವೆಂಬರ್‌ನಲ್ಲಿ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡುಗಳ ಪರಿಶೀಲನೆ ಬಿರುಸಾದಾಗ ಇದರ ಬಿಸಿ ತಟ್ಟಿತು. ನ್ಯಾಯಬೆಲೆ ಅಂಗಡಿಗೆ ಅಕ್ಕಿಗೆ ಹೋದವರಿಗೆ ಕಾರ್ಡು ರದ್ದಾಗಿದೆ, ಇಲ್ಲವೆ ಎಪಿಎಲ್ ಆಗಿದೆ ಎಂಬ ಉತ್ತರ ಸಿಕ್ಕಿತು. ಸಾಲಕ್ಕಾಗಿ ರಿಟರ್ನ್ಸ್ ಹಾಕಿದವರೂ ತೆರಿಗೆದಾರರ ಲೆಕ್ಕಕ್ಕೆ ಸೇರಿದ್ದಾರೆ ಎಂಬ ದೂರುಗಳು ಬಂದವು. ಗದ್ದಲ ಹೆಚ್ಚಿದ ಮೇಲೆ ಸರ್ಕಾರಿ ನೌಕರರನ್ನೂ ಆದಾಯ ತೆರಿಗೆ ಕಟ್ಟುವವರನ್ನೂ ಬಿಟ್ಟು ಉಳಿದವರ ಕಾರ್ಡು ಮರಳಿಸುವಂತೆ ಮುಖ್ಯಮಂತ್ರಿ ಸಿದ್ದರಾಮಯ್ಯ ಸೂಚಿಸಿದರು. ಕಾರ್ಡು ಮರಳಿ ಸಿಕ್ಕರೂ, ಅದಕ್ಕಾಗಿ ತಾಲ್ಲೂಕು ಕಚೇರಿಗೆ ಅಲೆದ ದಿನಗಳ ಕೂಲಿ ಯಾರಿಗೂ ಮರಳುವುದಿಲ್ಲ.

2025ರ ಜುಲೈನಲ್ಲಿ ಸಣ್ಣ ವ್ಯಾಪಾರಿಗಳ ಸರದಿ. ಯುಪಿಐ ಮೂಲಕ ಬಂದ ಹಣವನ್ನು ನೋಡಿ ರಾಜ್ಯದ ಸಾವಿರಾರು ಅಂಗಡಿಯವರಿಗೆ ಜಿಎಸ್‌ಟಿ ನೋಟಿಸ್ ಹೋಯಿತು. ಹೊನ್ನಾಳಿಗೆ ಹತ್ತಿರದ ಹಾವೇರಿಯಲ್ಲಿ ತರಕಾರಿ ಮಾರುವ ಒಬ್ಬರಿಗೆ ಬಂದ ನೋಟಿಸ್ 29 ಲಕ್ಷ ರೂಪಾಯಿಯದು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಮಾರಿದ ಹಣಕ್ಕೂ ಉಳಿದ ಹಣಕ್ಕೂ ಇರುವ ಅಂತರವನ್ನು ಯಂತ್ರ ಅರಿಯದು. ಲೆಕ್ಕ ಬರೆದಿಡದವರ ಮೇಲೆ ಸಾಧಿಸುವ ಹೊರೆ ಬಿದ್ದದ್ದು 1860ರಲ್ಲೂ ಹೀಗೆಯೇ.

ಮೂರು ಗೆರೆಗಳ ನಡುವೆ

ಇಂದು ಒಬ್ಬ ದುಡಿಮೆಗಾರನ ಮೇಲೆ ಮೂರು ಗೆರೆಗಳಿವೆ. ಬಿಪಿಎಲ್ ಕಾರ್ಡಿಗೆ ಕುಟುಂಬದ ಆದಾಯ ವರ್ಷಕ್ಕೆ 1.20 ಲಕ್ಷ ಮೀರಬಾರದು. ವೃತ್ತಿ ತೆರಿಗೆ ಆರಂಭವಾಗುವುದು ವರ್ಷಕ್ಕೆ 3 ಲಕ್ಷದಿಂದ. 2025ರ ಕೇಂದ್ರ ಬಜೆಟ್ ನಂತರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಸೇರಿ ತೆರಿಗೆ ಇಲ್ಲ. ಮೊದಲನೆಯ ಗೆರೆಗೂ ಕೊನೆಯದಕ್ಕೂ ಸರಿಯಾಗಿ ಹತ್ತು ಪಟ್ಟು ಅಂತರ.

ಜಗಳೂರಿನ ಒಂದು ಮನೆಯನ್ನು ಈ ಗೆರೆಗಳ ಎದುರು ನಿಲ್ಲಿಸಿ ನೋಡೋಣ. ಉದ್ಯೋಗ ಖಾತರಿಯಲ್ಲಿ 2025–26ಕ್ಕೆ ಕರ್ನಾಟಕಕ್ಕೆ ಗೊತ್ತುಮಾಡಿದ ಕೂಲಿ ದಿನಕ್ಕೆ 370 ರೂಪಾಯಿ. ಅದೇ ದರದಲ್ಲಿ ಗಂಡ ಹೆಂಡತಿ ಇಬ್ಬರೂ ವರ್ಷಕ್ಕೆ 165 ದಿನ ಎಲ್ಲಾದರೂ ದುಡಿದರೆ 1,22,100 ರೂಪಾಯಿ. ವರ್ಷದಲ್ಲಿ ಇನ್ನೂರು ದಿನ ಕೆಲಸವಿಲ್ಲದೆ ಕೂತ ಮನೆ ಬಡತನದ ಗೆರೆ ದಾಟಿಬಿಟ್ಟಿತು! ಒಬ್ಬ ಅಧಿಕಾರಿ ಕಟ್ಟುನಿಟ್ಟಾಗಿ ಲೆಕ್ಕ ಹಾಕಿದರೆ ಆ ಮನೆಗೆ ಅಕ್ಕಿ ಇಲ್ಲ. ದೆಹಲಿಯ ಲೆಕ್ಕದಲ್ಲಿ ಇದರ ಒಂಬತ್ತರಷ್ಟು ಗಳಿಸಿದವರೂ ತೆರಿಗೆ ಕೊಡುವಷ್ಟು ಸ್ಥಿತಿವಂತರಲ್ಲ. ಒಂದು ಗೆರೆಯನ್ನು ಬೆಲೆ ಏರಿದಂತೆ ಏರಿಸುತ್ತ, ಇನ್ನೊಂದನ್ನು ಇದ್ದಲ್ಲೇ ಬಿಟ್ಟರೆ ನಡುವಿನಲ್ಲಿ ಸಿಕ್ಕಿಬೀಳುವವರು ದುಡಿದು ತಿನ್ನುವವರೇ.

ಪರಿಹಾರಗಳು ಕೈಗೆಟುಕದವೇನಲ್ಲ. ಸರ್ಕಾರಿ ನೌಕರರ ತುಟ್ಟಿಭತ್ಯೆ ಬೆಲೆ ಸೂಚ್ಯಂಕವನ್ನು ನೋಡಿಕೊಂಡು ವರ್ಷಕ್ಕೆ ಎರಡು ಸಲ ಪರಿಷ್ಕರಣೆಯಾಗುತ್ತದೆ. ಬಿಪಿಎಲ್ ಆದಾಯ ಮಿತಿಯನ್ನೂ ವೃತ್ತಿ ತೆರಿಗೆಯ ಕೆಳಮಿತಿಯನ್ನೂ ಅದೇ ಸೂಚ್ಯಂಕಕ್ಕೆ ಕಟ್ಟಿಬಿಟ್ಟರೆ ಯಾವ ಬಜೆಟ್ಟಿನ ಕೃಪೆಗೂ ಎಂಟು ವರ್ಷ ಕಾಯಬೇಕಿಲ್ಲ. ರಿಟರ್ನ್ಸ್ ಸಲ್ಲಿಕೆಯನ್ನು ಅನರ್ಹತೆ ಎಂದು ಎಣಿಸಬಾರದು, ನಿಜವಾಗಿ ತೆರಿಗೆ ಕಟ್ಟಿದ ಮೊತ್ತವನ್ನು ಮಾತ್ರ ನೋಡಬೇಕು. ಕಾರ್ಡು ರದ್ದು ಮಾಡುವ ಮೊದಲು ನೋಟಿಸ್ ಕೊಟ್ಟು ಗ್ರಾಮ ಪಂಚಾಯಿತಿಯಲ್ಲೇ ಅಹವಾಲು ಕೇಳಬೇಕು. ವೃತ್ತಿ ತೆರಿಗೆಯ ಮೇಲ್ಮಿತಿಯನ್ನು ಸಂಸತ್ತು ಪರಿಷ್ಕರಿಸಿ, ದೊಡ್ಡ ಸಂಬಳದವರಿಂದ ಹೆಚ್ಚು, ಸಣ್ಣ ಸಂಬಳದವರಿಂದ ಏನೂ ಇಲ್ಲ ಎಂಬಂತೆ ಮೆಟ್ಟಿಲುಗಳನ್ನು ಮಾಡಲು ರಾಜ್ಯಗಳಿಗೆ ಅವಕಾಶ ಕೊಡಬೇಕು.

1830ರ ರೈತರು ತೆರಿಗೆಯೇ ಬೇಡವೆನ್ನಲಿಲ್ಲ. ಗೊತ್ತಾದ ಕಂದಾಯವಿರಲಿ, ಅದರ ಮೇಲೆ ಪಟ್ಟಿ ಬೇಡ, ಹೇಳಿಕೊಂಡಾಗ ಕೇಳುವವರಿರಲಿ ಎಂದರು. ಬೆಲೆಯೊಂದಿಗೆ ತಾನಾಗಿ ಏರುವ ಮಿತಿ, ತಪ್ಪಾದಾಗ ಊರಲ್ಲೇ ಸಿಗುವ ಅಹವಾಲಿನ ಜಾಗ, ಈ ಎರಡನ್ನು ಕಾನೂನಿನಲ್ಲಿ ಬರೆದುಕೊಟ್ಟರೆ ಚನ್ನಗಿರಿಯ ಅಡಿಕೆ ಸುಲಿಯುವವರಿಗೂ ಜಗಳೂರಿನ ಕೂಲಿಯವರಿಗೂ ಸರ್ಕಾರ ಅವರ ಹಕ್ಕನ್ನೇ ಕೊಟ್ಟಂತಾಗುತ್ತದೆ.